ಗಾಡಿಗೂ ಗಾಡಿಗೂ ನಡುವೆ

ಪಟ್ಟಣದಲ್ಲಿ ದುಡಿಯುವ ಸಂಸಾರಸ್ಥನಿಗೆ ಕಾಲವೆಂಬುದು ಎರಡೇ ಬಗೆಯದು. ಒಂದು ಕಚೇರಿಯ ಕಾಲ. ಅದಕ್ಕೆ ಸಂಬಳ ಉಂಟು, ಮೇಲಧಿಕಾರಿಯೂ ಉಂಟು. ಇನ್ನೊಂದು ಮನೆಯ ಕಾಲ. ಅದಕ್ಕೆ ಸಂಬಳವಿಲ್ಲ, ಮೇಲಧಿಕಾರಿಯ ವಿಚಾರ ಆಯಾ ಮನೆಯವರಿಗೆ ಬಿಟ್ಟದ್ದು. ಈ ಎರಡರಿಂದಲೂ ಅಷ್ಟಿಷ್ಟು ಕದ್ದು ಉಳಿಸಿಕೊಂಡ ಅರೆಗಳಿಗೆಯನ್ನೇ ಆತ ವಿರಾಮವೆಂದು ಕರೆಯುತ್ತಾನೆ. ಆದರೆ ಕೇಳದೆಯೇ ಕೈಗೆ ಬಂದು ಬೀಳುವ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಮೂರನೆಯ ಬಗೆಯ ಕಾಲವೊಂದುಂಟು. ಅದನ್ನು ಕಣ್ಣಾರೆ ಕಾಣಬೇಕೆನ್ನುವವರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಒಂದು ಸಂಜೆ ಕುಳಿತು ನೋಡಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟ ಗಾಡಿ ಅರಸೀಕೆರೆ, ಕಡೂರು, ಬೀರೂರುಗಳನ್ನು ದಾಟಿ, ದಾವಣಗೆರೆ ಇನ್ನು ಮುಕ್ಕಾಲು ಗಂಟೆಯ ಹಾದಿ ಎನ್ನುವಾಗ ಈ ಊರನ್ನು ಮುಟ್ಟುತ್ತದೆ. ಹಿಂದಿನ ಮೈಸೂರು ಸಂಸ್ಥಾನವನ್ನು ಹಾಯ್ದು ಹರಿಹರದ ತುಂಗಭದ್ರೆಯವರೆಗೆ ಹೋದ ಆ ಮೀಟರ್ ಗೇಜ್ ಹಳಿ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ್ದು. 1921ರಲ್ಲಿ ಇಲ್ಲಿಂದ ಚಿತ್ರದುರ್ಗಕ್ಕೆ ಒಂದು ಕವಲು ಒಡೆಯಿತು. ಹೆಸರಿನಲ್ಲಿಯೇ ಚಿಕ್ಕತನವನ್ನು ಹೊತ್ತ ಊರು ಅಂದಿನಿಂದ ಜಂಕ್ಷನ್ ಆಯಿತು. ರೈಲಿನವರ ನಾಮಕರಣವನ್ನು ಎಲ್ಲ ಕಡೆಯೂ ನಂಬುವಂತಿಲ್ಲ. ಇದೇ ಮಾರ್ಗದಲ್ಲಿ ಸ್ವಲ್ಪ ಹಿಂದಿರುವ 'ಹೊಸದುರ್ಗ ರೋಡ್' ಎಂಬಲ್ಲಿ ಇಳಿದ ಹೊಸಬನಿಗೆ ರೋಡು ಕಾಣುತ್ತದೆಯೇ ಹೊರತು ಹೊಸದುರ್ಗ ಕಾಣುವುದಿಲ್ಲ. ಪೇಟೆ ಅಲ್ಲಿಂದ ಬಲು ದೂರ. ಚಿಕ್ಕಜಾಜೂರಿನ ಹೆಸರಿನಲ್ಲಿ ಮಾತ್ರ ಇಂಥ ಮೋಸವಿಲ್ಲ. ಜಂಕ್ಷನ್ ಎಂದರೆ ಇಳಿದು ಇನ್ನೊಂದು ಗಾಡಿಗೆ ಕಾಯಬೇಕಾದ ಸ್ಥಳ. ಇಲ್ಲಿ ಇಳಿದವರು ನೂರು ವರ್ಷಗಳಿಂದ ಕಾಯುತ್ತಲೇ ಬಂದಿದ್ದಾರೆ.

ಹಾಗೆ ಕಾಯುವವರಲ್ಲಿ ಎರಡು ಪಂಗಡ. ವರ್ಷಕ್ಕೊಮ್ಮೆ ಮದುವೆ, ಜಾತ್ರೆಗಳಿಗೆಂದು ಮಕ್ಕಳುಮರಿ, ಗಂಟುಮೂಟೆಗಳೊಡನೆ ಇಳಿಯುವವರು ಒಂದು; ಅವರು ಗಡಿಯಾರವನ್ನು ನೋಡಿ ನೋಡಿ ಬಳಲುತ್ತಾರೆ. ಇನ್ನೊಂದು 'ಪಾಸಿನವರು'. ತಿಂಗಳ ಸೀಜನ್ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ದಿನವೂ ಓಡಾಡುವ ಇವರು ಗಡಿಯಾರವನ್ನು ನೋಡುವುದೇ ಇಲ್ಲ. ದೂರದ ಗಾಡಿಯ ಸದ್ದನ್ನು ಕೇಳಿಯೇ ಎಷ್ಟು ಹೊತ್ತು ತಡವೆಂದು ಹೇಳಬಲ್ಲ ಪಂಡಿತರು ಇವರಲ್ಲಿ ಉಂಟು.

ಕೆಲಸವಿರುವ ಊರಿನಲ್ಲಿಯೇ ಮನೆ ಮಾಡಬಾರದೆ ಎಂದು ಬೆಂಗಳೂರಿನ ನಂಟರು ಇವರನ್ನು ಕೇಳುವುದುಂಟು. ಅಲ್ಲಿಯೇ ಮನೆ ಮಾಡಿದವರು ಆ ನಗರದಲ್ಲಿ ದಿನಕ್ಕೆ ಎರಡು ಗಂಟೆಗಳನ್ನು ಬಸ್ಸಿನಲ್ಲಿ ಕಳೆಯುವುದನ್ನು ಬಲ್ಲವರಿಗೆ ಈ ಪ್ರಶ್ನೆ ಸ್ವಲ್ಪ ವಿನೋದವಾಗಿಯೇ ತೋರೀತು. ಚಿಕ್ಕಜಾಜೂರಿನ ಪಾಸಿನವರಿಗೆ ಅವರವರ ಕಾರಣಗಳಿವೆ. ಒಬ್ಬರಿಗೆ ನಾಲ್ಕು ಎಕರೆ ಅಡಿಕೆ ತೋಟ. ಇನ್ನೊಬ್ಬರಿಗೆ ಊರು ಬಿಡಲೊಪ್ಪದ ಎಂಬತ್ತು ವರ್ಷದ ತಾಯಿ. ಹಲವರ ಕಾರಣವನ್ನು ಸರ್ಕಾರವೇ ಒದಗಿಸಿದೆ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯದೇ ಒಂದು ತಾಲ್ಲೂಕು. ಆ ವರ್ಷ ಅದು ಬೇರೆ ಜಿಲ್ಲೆಯಾಯಿತು. ಹೊಳಲ್ಕೆರೆ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಪ್ರಾಥಮಿಕ ಶಾಲೆಯ ಶಿಕ್ಷಕರ ಜ್ಯೇಷ್ಠತೆ ಜಿಲ್ಲೆಯ ಮಟ್ಟದ್ದು. ಹೆಂಡತಿ ಹೊಳಲ್ಕೆರೆ ತಾಲ್ಲೂಕಿನ ಶಾಲೆಯಲ್ಲಿ ಶಿಕ್ಷಕಿ, ಗಂಡ ದಾವಣಗೆರೆಯಲ್ಲಿ ಬ್ಯಾಂಕಿನ ಗುಮಾಸ್ತ ಎಂದರೆ ಒಬ್ಬರ ಊರಿಗೆ ಇನ್ನೊಬ್ಬರು ವರ್ಗವಾಗಿ ಹೋಗುವುದು ನಕ್ಷೆಯಲ್ಲಿ ಕಾಣುವಷ್ಟು ಸುಲಭವಲ್ಲ. ಇಂಥ ದಂಪತಿಗಳು ಇಬ್ಬರಿಗೂ ನಡುವೆ ಬೀಳುವ ಊರೊಂದನ್ನು ಹುಡುಕಿ ಮನೆ ಮಾಡುತ್ತಾರೆ. ಚಿಕ್ಕಜಾಜೂರು ಅಂಥ ಊರು. ಪೂರ್ವಕ್ಕೆ ಕೋಟೆಯ ಚಿತ್ರದುರ್ಗ, ಅಲ್ಲಿ ಜಿಲ್ಲಾ ಕಚೇರಿಗಳು, ನ್ಯಾಯಾಲಯ. ಉತ್ತರಕ್ಕೆ ದಾವಣಗೆರೆ, ಅಲ್ಲಿ ಮಂಡಿ, ಕಾಲೇಜು, ದೊಡ್ಡಾಸ್ಪತ್ರೆಗಳು. 2009ರಲ್ಲಿ ತೋಳಹುಣಸೆಯ ಬಳಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಹುಟ್ಟಿತು. ಪಾಸಿನವರ ಗುಂಪಿಗೆ ವಿದ್ಯಾರ್ಥಿಗಳ ಒಂದು ಗದ್ದಲದ ಶಾಖೆ ಸೇರಿತು.

ಸಂಜೆಯ ಗಾಡಿಯೇ ಇವರ ನಿಜವಾದ ಮನರಂಜನಾ ಮಂದಿರ. ಬೆಳಗಿನ ಗಾಡಿಯಲ್ಲಿ ಮಾತು ಕಡಮೆ. ಮುಖ ಕ್ಷೌರದ ಸಾಬೂನಿನ ವಾಸನೆ, ಅರ್ಧ ಓದಿದ ಪತ್ರಿಕೆ, ಬಾಕಿಯುಳಿದ ಫೈಲಿನ ಚಿಂತೆ. ಸಂಜೆ ಹಾಗಲ್ಲ. ದಾವಣಗೆರೆಯಲ್ಲಿ ಮೊದಲು ಹತ್ತಿದವರು ಟವೆಲ್ಲನ್ನೋ ಚೀಲವನ್ನೋ ಹಾಸಿ ನಾಲ್ವರಿಗೆ ಜಾಗ ಹಿಡಿದಿರುತ್ತಾರೆ. ಮಂಡಕ್ಕಿಗೆ ಹೆಸರಾದ ಊರಿನಿಂದ ಹೊರಟ ಗಾಡಿಯಲ್ಲಿ ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚದೆ ಇರುವುದುಂಟೆ? ನಾಲ್ಕು ಮೊಳಕಾಲುಗಳ ಮೇಲೆ ಒಂದು ಸೂಟ್‌ಕೇಸು ಅಡ್ಡ ಬಿದ್ದರೆ ಅದೇ ಮೇಜು. ಅದರ ಮೇಲೆ ಇಸ್ಪೀಟು. ಕೋಡಗನೂರು ದಾಟುವ ಹೊತ್ತಿಗೆ ಕಚೇರಿಯ ವ್ಯವಹಾರವೆಲ್ಲ ಮುಗಿದು ಮಾತು ಲೋಕಾಭಿರಾಮಕ್ಕೆ ಇಳಿದಿರುತ್ತದೆ.

ಒಂಟಿ ಹಳಿಯಿದ್ದ ದಿನಗಳಲ್ಲಿ ಈ ಮಾತಿಗೆ 'ಕ್ರಾಸಿಂಗ್' ಎಂಬ ದೊಡ್ಡ ಆಶ್ರಯವಿತ್ತು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲೆಂದು ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಲ್ಲಿಸಿದರೆ ಹದಿನೈದು ನಿಮಿಷವೂ ಆಗಬಹುದು, ಐವತ್ತೂ ಆಗಬಹುದು. ಹೊಸಬರು ಸ್ಟೇಷನ್ ಮಾಸ್ತರರನ್ನು ಬೈಯುವರು. ಪಾಸಿನವರು ಇನ್ನೊಂದು ಆಟ ಹಾಕುವರು. ಚಿತ್ರದುರ್ಗದ ಕಡೆಯವರು ಸೇರಿದರೆ ತ.ರಾ.ಸು. ಅವರ ಕಾದಂಬರಿಗಳು ಬರಲೇಬೇಕು. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಮೂಲ ಕಾದಂಬರಿಗಳಿಗೆ ನ್ಯಾಯ ಮಾಡಿದರೇ ಇಲ್ಲವೇ ಎಂಬ ಮೊಕದ್ದಮೆ ಅರ್ಧ ಶತಮಾನದಿಂದ ನಡೆಯುತ್ತಿದೆ; ಚಾಮಯ್ಯ ಮೇಷ್ಟ್ರ ಪಾತ್ರದ ಅಶ್ವತ್ಥರ ವಿಷಯದಲ್ಲಿ ಮಾತ್ರ ಎರಡು ಅಭಿಪ್ರಾಯವಿಲ್ಲ. ಅಡಿಕೆಯ ಧಾರಣೆ, ಭೀಮಸಮುದ್ರದ ಮಂಡಿಯ ಸುದ್ದಿ, ಮಗಳಿಗೆ ಬಂದ ಗಂಡಿನ ಜಾತಕ, ಹೊಸ ಅಧಿಕಾರಿಯ ಸಿಡುಕು, ಎಲ್ಲಕ್ಕೂ ಆ ಬೆಂಚಿನಲ್ಲಿ ಸರದಿ ಉಂಟು.

ಈ ಸ್ನೇಹದ ಸ್ವಭಾವ ವಿಚಿತ್ರವಾದದ್ದು. ಹತ್ತು ವರ್ಷ ಎದುರುಬದುರು ಕುಳಿತವರು ಒಬ್ಬರ ಮನೆಯನ್ನು ಇನ್ನೊಬ್ಬರು ಕಂಡಿರುವುದಿಲ್ಲ. 'ಮೇಷ್ಟ್ರು', 'ಕೋರ್ಟಿನ ರಾಯರು', 'ಮಂಡಿ ಗೌಡ್ರು' ಎಂಬ ಹೆಸರುಗಳೇ ಸಾಕಾಗಿ, ನಿಜವಾದ ಹೆಸರು ಮದುವೆಯ ಲಗ್ನಪತ್ರಿಕೆ ಕೈಗೆ ಬಂದಾಗಲೇ ತಿಳಿಯುವುದೂ ಉಂಟು. ಮನೆಯಲ್ಲಿ ಹೇಳಿದರೆ ಗಾಬರಿ, ಕಚೇರಿಯಲ್ಲಿ ಹೇಳಿದರೆ ಅಪಾಯ ಎನ್ನುವಂಥ ಸಂಗತಿಯನ್ನು ಮನುಷ್ಯ ಇನ್ನೆಲ್ಲಿ ಹೇಳಬೇಕು? ಬಡ್ತಿ ತಪ್ಪಿದ್ದು, ಸಕ್ಕರೆ ಕಾಯಿಲೆ ಕಾಣಿಸಿಕೊಂಡದ್ದು, ಮಗ ಪರೀಕ್ಷೆಗೇ ಕೂಡದೆ ಹೋದದ್ದು, ಇವು ಗಾಡಿಯ ಬೆಂಚಿನಲ್ಲಿ ಮೊದಲು ಬಾಯಿಗೆ ಬರುತ್ತವೆ. ಮನೆಗೆ ಮುಟ್ಟುವುದು ಆಮೇಲೆ. ತಿಂಗಳ ಮೊದಲ ವಾರ ಎತ್ತುವ ಚೀಟಿಯ ಹಣಕ್ಕೆ ಕಾಗದಪತ್ರವೇನೂ ಇರುವುದಿಲ್ಲ. ನಾಳೆಯೂ ಇದೇ ಗಾಡಿಗೆ ಬಂದೇ ಬರಬೇಕೆಂಬುದೇ ಅದಕ್ಕೆ ಜಾಮೀನು.

ಇಷ್ಟನ್ನು ಮೆಚ್ಚಿ ಸುಮ್ಮನಾದರೆ ಅದು ಗಂಡಸರ ಕಣ್ಣಿನಿಂದ ನೋಡಿದ ಮಾತಾದೀತು. ಅದೇ ಗಾಡಿಯ ಅದೇ ಡಬ್ಬಿಯಲ್ಲಿ ಇನ್ನೊಂದು ಬದಿಗೆ ಕುಳಿತ ಶಿಕ್ಷಕಿಯರು, ನರ್ಸುಗಳು, ಕಚೇರಿಯ ಟೈಪಿಸ್ಟುಗಳು ಇಸ್ಪೀಟು ಹಾಕಿದ್ದನ್ನು ಕಂಡವರಿಲ್ಲ. ಅವರ ಮಡಿಲಿನಲ್ಲಿ ಸೊಪ್ಪು ಇರುತ್ತದೆ, ಅವರೆಕಾಯಿ ಇರುತ್ತದೆ, ಇಲ್ಲವೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇರುತ್ತದೆ. ಮಾತು ಅವರಲ್ಲಿಯೂ ಉಂಟು, ನಗೆಯೂ ಉಂಟು. ಆದರೆ ಕೈಗೆ ಬಿಡುವಿಲ್ಲ. ಗಾಡಿ ಐವತ್ತು ನಿಮಿಷ ತಡವಾಯಿತೆಂದರೆ ಗಂಡಸಿನ ಪಾಲಿಗೆ ಒಂದು ಆಟ ಹೆಚ್ಚು. ಹೆಂಗಸಿನ ಪಾಲಿಗೆ ಒಲೆ ಹಚ್ಚುವುದು ಐವತ್ತು ನಿಮಿಷ ತಡ, ಮಕ್ಕಳ ಹಸಿವು, ಅತ್ತೆಯ ಮೌನ. ಕಾಯುವಿಕೆಯ ಸೊಗಸನ್ನು ಹೊಗಳುವವರು ಮನೆಯಲ್ಲಿ ತಮಗಾಗಿ ಕಾಯುತ್ತಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ.

2020ರ ಮಾರ್ಚ್ ತಿಂಗಳಲ್ಲಿ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ಒಟ್ಟಿಗೆ ನಿಂತಾಗ ಈ ಬಳಗಗಳಿಗೆ ಮೊದಲ ದೊಡ್ಡ ಪೆಟ್ಟು ಬಿದ್ದಿತು. ಬಹಳ ತಿಂಗಳುಗಳ ಮೇಲೆ ಪ್ಯಾಸೆಂಜರ್ ಗಾಡಿಗಳು ಮತ್ತೆ ಓಡತೊಡಗಿದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ಹಾಕಿದ್ದರು. ಹತ್ತು ರೂಪಾಯಿಯಿದ್ದ ಕನಿಷ್ಠ ದರ ಮೂವತ್ತಾಗಿತ್ತು. ಗಾಡಿಯ ವೇಗ ಮಾತ್ರ ಹಳೆಯದೇ. ಹಳೆಯ ದರ ಮರಳಿ ಬಂದದ್ದು 2024ರ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನ ಸಾಲ ಮಾಡಿ ಸ್ಕೂಟರ್ ಕೊಂಡಿದ್ದರು. ರಸ್ತೆಯಲ್ಲಿ ಒಬ್ಬಂಟಿಯಾಗಿ ಹೋಗುವವನಿಗೆ ಹೊತ್ತು ಉಳಿಯುತ್ತದೆ, ನಿಜ. ಬೆನ್ನು ನೋಯುತ್ತದೆ, ಮಾತನಾಡಲು ಯಾರೂ ಇರುವುದಿಲ್ಲ.

2023ರ ಜೂನ್ ತಿಂಗಳು ಎರಡು ಹೊಸತುಗಳನ್ನು ತಂದಿತು. 11ರಂದು ರಾಜ್ಯ ಸರ್ಕಾರದ 'ಶಕ್ತಿ' ಯೋಜನೆ ಜಾರಿಗೆ ಬಂದು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯಿತು. ಪಾಸು ಎಷ್ಟೇ ಅಗ್ಗವಾದರೂ ಪುಕ್ಕಟೆಗೆ ಸಾಟಿಯೆ? ಬಸ್ಸಿನ ದಾರಿ ಇರುವ ಕಡೆ ಶಿಕ್ಷಕಿಯರು ಬಸ್ಸನ್ನೇ ನೆಚ್ಚಿಕೊಂಡರೆ ಯಾರೂ ತಪ್ಪೆನ್ನಲಾರರು. ಉಳಿದ ಹಣಕ್ಕೆ ಮನೆಯಲ್ಲಿ ನೂರು ದಾರಿಗಳಿವೆ. ಅದೇ ತಿಂಗಳ 27ರಂದು ಬೆಂಗಳೂರು–ಧಾರವಾಡ ನಡುವೆ ವಂದೇ ಭಾರತ್ ಗಾಡಿ ಓಡತೊಡಗಿತು. ದಾವಣಗೆರೆಯಲ್ಲಿ ಅದಕ್ಕೆ ನಿಲುಗಡೆ ಉಂಟು. ಚಿಕ್ಕಜಾಜೂರಿನ ಪ್ಲಾಟ್‌ಫಾರಮಿನ ಮೇಲೆ ನಿಂತವರ ಧೋತರ, ಸೆರಗುಗಳನ್ನು ಹಾರಿಸಿ ಅದು ಮುಂದೆ ಹೋಯಿತು.

ಈ ನಡುವೆ ಹುಬ್ಬಳ್ಳಿಯ ಹೆದ್ದಳಿಗೆ ಜೋಡಿಹಳಿಯೂ ವಿದ್ಯುತ್ತೂ ಬಂದವು. ಕ್ರಾಸಿಂಗ್ ಎಂಬ ಮಾತು ಈಗ ಹೆಚ್ಚಾಗಿ ಹಳಬರ ಬಾಯಿಯಲ್ಲಿ ಮಾತ್ರ. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಆಟ ಅರ್ಧಕ್ಕೇ ನಿಲ್ಲುತ್ತದೆ. ಎಲೆಗಳನ್ನು ಹಂಚಿದವರೇ ಮಡಿಸಿಟ್ಟುಕೊಂಡು ಇಳಿಯಬೇಕು. ಒಂದು ವಾರಪತ್ರಿಕೆ ಆರು ಕೈ ದಾಟಿ, ಧಾರಾವಾಹಿಯ ನಾಯಕಿಗೆ ಮುಂದೇನು ಗತಿಯೆಂದು ಬೆಂಚೆಲ್ಲ ಚರ್ಚಿಸುತ್ತಿದ್ದ ಕಾಲ ಹೋಗಿ, ಆರು ಕೈಗಳಲ್ಲಿ ಆರು ಮೊಬೈಲುಗಳು ಬಂದವು. ಇದನ್ನು ಕಂಡು ಹಲುಬುವುದು ಸುಲಭ. ಆದರೆ ಸಂಜೆ ಏಳಕ್ಕೆ ಮನೆ ಸೇರಬೇಕಾದ ನರ್ಸಮ್ಮನನ್ನು ಕೇಳಿದರೆ ಜೋಡಿಹಳಿಯೇ ದೊಡ್ಡ ಪುಣ್ಯದ ಕೆಲಸವೆಂದಾಳು. ಅವಳ ಮಾತಿಗೇ ಹೆಚ್ಚು ತೂಕ.

ಮುಂದಿನ ಬದಲಾವಣೆ ಇದಕ್ಕಿಂತಲೂ ದೊಡ್ಡದು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಸುಮಾರು 190 ಕಿಲೋಮೀಟರಿನ ನೇರ ಹಳಿಯ ಕೆಲಸ ನಡೆದಿದೆ. ಅದು ಮುಗಿದ ಮೇಲೆ ಬೆಂಗಳೂರಿನಿಂದ ದಾವಣಗೆರೆಗೆ ಹೋಗುವ ಗಾಡಿ ಅರಸೀಕೆರೆ, ಬೀರೂರು, ಚಿಕ್ಕಜಾಜೂರುಗಳನ್ನು ಸುತ್ತಿ ಬರಬೇಕಾಗಿಲ್ಲ. ಚಿತ್ರದುರ್ಗದವರು ದಾವಣಗೆರೆಗೆ ಹೋಗಲು ಇಲ್ಲಿ ಗಾಡಿ ಬದಲಿಸಬೇಕಾಗಿಯೂ ಇಲ್ಲ. ಹಾಗೆಂದು ಜಂಕ್ಷನ್ ಬಡವಾಗುವುದೆಂದು ತಿಳಿಯಬಾರದು. ಒಂದು ಕಾಲಕ್ಕೆ ಚಿತ್ರದುರ್ಗದಲ್ಲಿಯೇ ಮುಗಿಯುತ್ತಿದ್ದ ಕವಲು ಆಮೇಲೆ ರಾಯದುರ್ಗದ ಮೂಲಕ ಬಳ್ಳಾರಿಗೆ ಕೂಡಿಕೊಂಡಿತು. 2025ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿಲೋಮೀಟರಿಗೆ ಜೋಡಿಹಳಿ ಹಾಕಲು ಒಪ್ಪಿಗೆ ನೀಡಿತು. ಅದಿರು, ಕಲ್ಲಿದ್ದಲು, ಉಕ್ಕು, ಗೊಬ್ಬರಗಳ ಗೂಡ್ಸ್ ಗಾಡಿಗಳು ಹಗಲಿರುಳೂ ಓಡಾಡಲಿವೆ. ನಿಲ್ದಾಣ ಈಗಿಗಿಂತ ದೊಡ್ಡದಾದೀತು, ಹಳಿಗಳು ಹೆಚ್ಚಾದಾವು. ಇಳಿದು ಕಾಯುವ ಜನ ಮಾತ್ರ ಕಡಮೆಯಾದಾರು. ಗೂಡ್ಸ್ ಗಾಡಿಗೆ ಬೆಂಚು ಬೇಕಾಗಿಲ್ಲವಷ್ಟೆ.

ಪಾಸಿನವರು ಇದನ್ನೆಲ್ಲ ಆಗಲೇ ಲೆಕ್ಕ ಹಾಕಿ ಮುಗಿಸಿದ್ದಾರೆ. ನೇರ ಗಾಡಿಯಾದರೆ ದಿನಕ್ಕೆ ಎಷ್ಟು ನಿಮಿಷ ಉಳಿತಾಯ, ವರ್ಷಕ್ಕೆ ಎಷ್ಟು ದಿನ, ನಿವೃತ್ತಿಯವರೆಗೆ ಎಷ್ಟು ತಿಂಗಳು ಎಂಬುದನ್ನು ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡುವವರೊಬ್ಬರು ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸುತ್ತಾರೆ. ಉಳಿದ ಹೊತ್ತನ್ನು ಏನು ಮಾಡುವುದೆಂದು ಪಕ್ಕದವರು ಕೇಳುತ್ತಾರೆ. ತೋಟವೆನ್ನುತ್ತಾರೆ ಒಬ್ಬರು, ಮಗನ ಪಾಠವೆನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಎಲೆ ಕಲಸುತ್ತ, ಆಗ ಸಂಜೆಯ ಆಟ ಯಾರ ಮನೆಯಲ್ಲಿ, ಅಲ್ಲಿ ಮಂಡಕ್ಕಿ ಕಲಸುವವರು ಯಾರು ಎಂದು ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಬರುವುದರೊಳಗೆ ಗಾಡಿ ಸಾಸಲು ದಾಟಿರುತ್ತದೆ. ಚೀಲಗಳನ್ನು ಹೆಗಲಿಗೇರಿಸಿ ಬಾಗಿಲ ಬಳಿ ನಿಲ್ಲುವ ಹೊತ್ತಾಗಿರುತ್ತದೆ.