ಬೆಳ್ಳಗಿರುವುದೆಲ್ಲ ಒಂದೇ ಅಲ್ಲ

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಹೈಸ್ಕೂಲಿನ ತರಗತಿಯೊಂದರಲ್ಲಿ ಕುವೆಂಪು ಅವರ ‘ದೇವರು ರುಜು ಮಾಡಿದನು’ ಕವನದ ಪಾಠ ನಡೆದಿತ್ತು. ಬಾನಿನಲ್ಲಿ ಸಾಲುಗೂಡಿ ಹಾರುವ ಹಕ್ಕಿಗಳು ಕವಿಯ ಕಣ್ಣಿಗೆ ಸೃಷ್ಟಿಕರ್ತನ ಸಹಿಯಾಗಿ ತೋರಿದ ಬಗೆಯನ್ನು ವಿವರಿಸಿ, ನನ್ನ ವಿವರಣೆಗೆ ನಾನೇ ಮೆಚ್ಚಿ ನಿಂತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಆ ರುಜು ಹಾಕಿದ್ದು ಯಾವ ಬೆಳ್ಳಕ್ಕಿ?” ಎಂದು ಕೇಳಿದ.

ತರಗತಿ ನಕ್ಕಿತು. ನಾನೂ ನಕ್ಕೆ. “ಬೆಳ್ಳಕ್ಕಿಯಲ್ಲಿ ಯಾವುದು ಏನು ಬಂತಯ್ಯಾ? ಬೆಳ್ಳಗಿದ್ದರೆ ಬೆಳ್ಳಕ್ಕಿ. ಕವಿಗೆ ಬೇಕಾದದ್ದು ಆ ಬಿಳುಪು. ಕೂತುಕೋ” ಎಂದೆ. ಹುಡುಗ ಕುಳಿತ. ಕುಳಿತ ಮೇಲೆ ಪಕ್ಕದವನಿಗೆ, “ನಮ್ಮೂರ ಕೆರೇಲಿ ನಾಕು ಥರ ಅವೆ ಕಣೋ” ಎಂದು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬೀಳದವನಂತೆ ಪಾಠವನ್ನು ಮುಂದುವರಿಸಿದೆ.

ಆ ಮಾತು ನನ್ನನ್ನು ಚುಚ್ಚುವುದಕ್ಕೆ ಕಾರಣವಿತ್ತು. ಊರಿನಲ್ಲಿ ನಾನು ಹಕ್ಕಿಗಳ ಮೇಷ್ಟ್ರು ಎಂದೇ ಹೆಸರಾದವನು. ಪ್ರತಿ ಭಾನುವಾರ ಬೆಳಗ್ಗೆ ಕೆರೆಯ ಏರಿಯ ಮೇಲೆ ಒಂದು ಸುತ್ತು ಹೋಗಿ, ಕಂಡದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಗಾಳಿ ಎತ್ತಣಿಂದ, ನೀರು ಎಲ್ಲಿಯವರೆಗೆ, ಯಾವ ಹಕ್ಕಿ ಎಷ್ಟು, ಇಷ್ಟೂ ಅದರಲ್ಲಿರುತ್ತಿತ್ತು. ಮಿಂಚುಳ್ಳಿಗಳಲ್ಲಿ ಮೂರು ಬಗೆಯನ್ನು ಬೇರೆ ಬೇರೆಯಾಗಿ ಬರೆಯುತ್ತಿದ್ದೆ. ಆದರೆ ಬೆಳ್ಳಕ್ಕಿಯ ಮಟ್ಟಿಗೆ ಒಂದೇ ಸಾಲು: ‘ಬೆಳ್ಳಕ್ಕಿ, ಐವತ್ತು.’ ಚಿಕ್ಕಂದಿನಲ್ಲಿ ಸಂಜೆಯ ಆಕಾಶದಲ್ಲಿ ಸಾಲಾಗಿ ಹೋಗುವ ಬೆಳ್ಳಕ್ಕಿಗಳಿಗೆ ಉಗುರು ತೋರಿಸಿ, ಬಿಳಿಯ ಚುಕ್ಕೆ ಬೀಳಲೆಂದು ಬೇಡುತ್ತಿದ್ದವರಲ್ಲವೆ ನಾವು? ಅಷ್ಟು ಪರಿಚಿತವಾದದ್ದನ್ನು ಮತ್ತೆ ನೋಡಬೇಕೆಂದು ಯಾರಿಗೆ ತೋಚುತ್ತದೆ!

ಮುಂದಿನ ಭಾನುವಾರ ಕೆರೆಯಂಗಳದಲ್ಲಿ ಆ ಹುಡುಗನ ಅಜ್ಜ ದನ ಮೇಯಿಸುತ್ತಿದ್ದರು. ನೀರಿನ ಅಂಚಿನಲ್ಲಿ ಒಂದು ಬಿಳಿಯ ಹಕ್ಕಿ ನಿಂತಿತ್ತು. ದನಗಳ ನಡುವೆ ಮತ್ತೆ ಏಳೆಂಟಿದ್ದವು. ಸಂಕೋಚವನ್ನು ಬದಿಗಿಟ್ಟು, “ಯಜಮಾನರೇ, ಅದೂ ಇದೂ ಬೇರೆಯೇ?” ಎಂದು ಕೇಳಿದೆ.

“ಬೇರೆ ಅಲ್ದೆ ಏನು ಮೇಷ್ಟ್ರೇ? ಅದು ದನದ ಹಿಂದೆ ಬರೋ ಜಾತಿಯಲ್ಲ. ಅದು ಕಾಲಿಗೆ ಅರಿಸಿನ ಹಚ್ಕೊಂಡಿರೋದು. ಈಗ ಕೆಸರಲ್ಲಿ ಹೂತೈತೆ, ಕಾಣಾಕಿಲ್ಲ. ಒಂದು ಗಳಿಗೆ ಕೂತ್ಕಳಿ, ಎತ್ತುತ್ತದೆ” ಎಂದರು.

ಕುಳಿತೆ. ಒಂದು ಗಳಿಗೆಯಲ್ಲ, ಅರ್ಧ ಗಂಟೆಯೇ ಕಳೆದಿರಬೇಕು. ಹಕ್ಕಿ ಒಂದು ಕಾಲನ್ನು ಮುಂದೆ ಚಾಚಿ ಕೆಸರನ್ನು ಕಲಕಿತು, ಮತ್ತೆ ಕಲಕಿತು, ಸರ್ರನೆ ಓಡಿ ಏನನ್ನೋ ಹಿಡಿಯಿತು. ಆ ಓಟದಲ್ಲಿ ಪಾದ ನೀರಿನಿಂದ ಮೇಲೆದ್ದಿತು. ಕಾಲು ಇದ್ದಲಿನಂತೆ ಕಪ್ಪು. ಬೆರಳುಗಳು ಮಾತ್ರ ಆಗತಾನೆ ಅರಿಸಿನದ ಬಟ್ಟಲಿನಲ್ಲಿ ಅದ್ದಿ ತೆಗೆದಂತೆ ಹಳದಿ! ನಲವತ್ತು ವರ್ಷ ದಿನವೂ ಕಂಡ ಹಕ್ಕಿಯನ್ನು ನಾನು ಅಂದು ಮೊದಲ ಬಾರಿಗೆ ನೋಡಿದೆ.

ಅಲ್ಲಿಂದ ಮುಂದೆ ಪುಸ್ತಕಗಳ ಮೊರೆ ಹೊಕ್ಕೆ. ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ೧೯೪೧ರಲ್ಲಿ ಮೊದಲು ಅಚ್ಚಾದ ಪುಸ್ತಕ. ಅದರ ಮುಂದಿನ ಮುದ್ರಣವೊಂದು ನನ್ನ ಕಪಾಟಿನಲ್ಲಿಯೇ ಇತ್ತು. ಅದನ್ನು ಹಿಡಿದು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೂ ಹೋಗಿ ಬಂದೆ. ೧೯೪೦ರಲ್ಲಿ ಮೈಸೂರು ಸಂಸ್ಥಾನ ಈ ಕಾವೇರಿಯ ನಡುಗಡ್ಡೆಗಳನ್ನು ಪಕ್ಷಿಧಾಮವೆಂದು ಸಾರಿದ್ದು ಸಲೀಂ ಅಲಿಯವರ ಒತ್ತಾಯದಿಂದಲೇ. ಒಂದೇ ಬಂಡೆಯ ಮೇಲೆ ಎರಡು ಮೂರು ಬಗೆಯ ಬೆಳ್ಳಕ್ಕಿಗಳು ಒಟ್ಟಿಗೆ ಕುಳಿತಿರುವುದನ್ನು ಅಲ್ಲಿ ದೋಣಿಯಿಂದ ಕಂಡಾಗ, ಪುಸ್ತಕದಲ್ಲಿ ಓದಿದ್ದು ಕಣ್ಣಿಗೆ ಇಳಿಯಿತು.

ನಮ್ಮ ಒಳನಾಡಿನ ಕೆರೆಗಳಲ್ಲಿ ಬೆಳ್ಳಕ್ಕಿಗಳು ನಾಲ್ಕು. ಸುಮಾರು ೫೦ ಸೆಂಟಿಮೀಟರ್ ಉದ್ದದ ಗೋವಕ್ಕಿ ಎಲ್ಲಕ್ಕೂ ಚಿಕ್ಕದು. ಗಿಡ್ಡ ಕತ್ತು, ಮೋಟಾದ ಹಳದಿ ಕೊಕ್ಕು, ಕೊಕ್ಕಿನ ಕೆಳಗೆ ಕೊಂಚ ಉಬ್ಬಿದ ಗದ್ದ. ನೀರಿಗಿಂತ ಹುಲ್ಲೇ ಇದಕ್ಕೆ ಪ್ರಿಯ. ದನಗಳ ಗೊರಸಿಗೆ ಬೆದರಿ ಹಾರುವ ಮಿಡತೆಗಳೇ ಇದರ ಊಟ. ಈಗ ಟ್ರಾಕ್ಟರಿನ ಹಿಂದೆಯೂ ನಡೆಯುತ್ತದೆ, ತಿಪ್ಪೆಯ ಮೇಲೂ ಮೇಯುತ್ತದೆ. ಎರಡನೆಯದು ಸಣ್ಣ ಬೆಳ್ಳಕ್ಕಿ: ಸುಮಾರು ೬೦ ಸೆಂಟಿಮೀಟರ್, ತೆಳುವಾದ ಕರಿಯ ಕೊಕ್ಕು, ಕರಿಯ ಕಾಲು, ಅಜ್ಜ ಹೇಳಿದ ಅರಿಸಿನದ ಪಾದ. ಮೂರನೆಯದು ಮಧ್ಯಮ ಬೆಳ್ಳಕ್ಕಿ. ಕಾಲೂ ಪಾದವೂ ಕಪ್ಪು, ಕೊಕ್ಕು ಹಳದಿ. ಗದ್ದೆಯ ನೀರಿನಲ್ಲಿ, ಜೊಂಡಿನ ಅಂಚಿನಲ್ಲಿ ನಿಧಾನವಾಗಿ ಹೆಜ್ಜೆಯಿಡುತ್ತದೆ. ನಾಲ್ಕನೆಯದು ದೊಡ್ಡ ಬೆಳ್ಳಕ್ಕಿ: ಸುಮಾರು ೯೦ ಸೆಂಟಿಮೀಟರ್, ನಡುವೆ ಮುರಿದು ಜೋಡಿಸಿದಂತೆ ಕೊಂಕಿದ ನೀಳ ಕತ್ತು. ಹೆಚ್ಚು ಆಳದ ನೀರಿನಲ್ಲಿ, ಬಹುಮಟ್ಟಿಗೆ ಒಂಟಿಯಾಗಿ, ತಪಸ್ಸಿಗೆ ನಿಂತಂತೆ ನಿಂತಿರುತ್ತದೆ.

ಓದುವಾಗ ಇದೆಲ್ಲ ಸುಲಭ. ಕೆರೆಯ ದಡದಲ್ಲಿ ನಿಂತಾಗಲೇ ಪೇಚು. ದೂರದಲ್ಲಿ ಒಂದೇ ಹಕ್ಕಿ ನಿಂತಿದ್ದರೆ ಅದು ದೊಡ್ಡದೋ ಮಧ್ಯಮವೋ ಎಂದು ಅಳೆಯಲು ಪಕ್ಕದಲ್ಲಿ ಮತ್ತೊಂದಿರುವುದಿಲ್ಲ. ಇದಕ್ಕೆ ಬಲ್ಲವರು ಹೇಳುವ ಗುರುತು ಬಾಯಿಯ ಸೀಳು. ಕೊಕ್ಕಿನ ಬುಡದಿಂದ ಹಿಂದಕ್ಕೆ ಹೋಗುವ ಆ ಸಣ್ಣ ಗೆರೆ ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಚಾಚುತ್ತದೆ. ಆನೆಯಷ್ಟು ದೊಡ್ಡ ವ್ಯತ್ಯಾಸವನ್ನು ನಂಬಲಾಗದೆ, ಎಳ್ಳಿನಷ್ಟು ಸಣ್ಣ ವ್ಯತ್ಯಾಸವನ್ನು ನಂಬಬೇಕಾದ ವಿದ್ಯೆ ಇದು.

ಬಣ್ಣವನ್ನಂತೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮರಿಮಾಡುವ ಕಾಲಕ್ಕೆ ದೊಡ್ಡ ಬೆಳ್ಳಕ್ಕಿಯ ಹಳದಿ ಕೊಕ್ಕು ಕಪ್ಪಾಗುತ್ತದೆ. ಕೊಕ್ಕೊಂದನ್ನೇ ನೋಡಿದವನು ಮೋಸಹೋಗುತ್ತಾನೆ. ಗೋವಕ್ಕಿಯ ತಲೆ, ಕತ್ತು, ಬೆನ್ನುಗಳು ಆಗ ಹೊಂಬಣ್ಣ ತಳೆದು, ಬೆಳ್ಳಕ್ಕಿ ಎಂಬ ಹೆಸರಿಗೇ ಸಲ್ಲದಂತಾಗುತ್ತದೆ. ಕೊಳದ ಬಕವೆಂಬ ಇನ್ನೊಬ್ಬ ಮಾಯಾವಿಯಿದ್ದಾನೆ. ಕುಳಿತಾಗ ಕೆಸರಿನ ಕಂದು. ಹಾರಿದೊಡನೆ ರೆಕ್ಕೆಯೆಲ್ಲ ಬಿಳುಪು. ಕರಾವಳಿಗೆ ಹೋದರೆ ಬೂದು ಮೈಯ ಕಡಲ ಬಕವೊಂದಿದೆ. ಅದರಲ್ಲಿಯೂ ಬಿಳಿಯ ಮೈಯವು ಉಂಟು. ಸಣ್ಣ ಬೆಳ್ಳಕ್ಕಿಗೂ ಅದಕ್ಕೂ ಕಪ್ಪು ಕಾಲು ಹಳದಿ ಪಾದಗಳು ಒಂದೇ. ಆಗ ಕೊಕ್ಕಿನ ಬಣ್ಣವನ್ನೂ ದಪ್ಪವನ್ನೂ ನೋಡಬೇಕು.

ಹೀಗೆ ಪೇಚಾಡಿದವನು ನಾನೊಬ್ಬನೇ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್, ಗುಬ್ಬಿಗಿಂತ ಚಿಕ್ಕದಾದ, ಹಸಿರು ಬೆರೆತ ಹಳದಿಯ ಹಕ್ಕಿಗಳನ್ನು ಬಹುಕಾಲ ನೋಡಿ, ಅವು ಒಂದಲ್ಲ, ಮೂರು ಎಂದು ಕಂಡುಕೊಂಡ. ೧೭೬೮ರ ಪತ್ರವೊಂದರಲ್ಲಿ ಅದನ್ನು ತನ್ನ ವಿದ್ವಾಂಸ ಮಿತ್ರ ಪೆನಂಟನಿಗೆ ತಿಳಿಸಿದ. ರೂಪದಲ್ಲಿ ಒಂದನ್ನೊಂದು ಹೋಲುವ ಆ ಹಕ್ಕಿಗಳ ಗುಟ್ಟನ್ನು ಬಿಟ್ಟುಕೊಟ್ಟದ್ದು ಅವುಗಳ ಹಾಡು. ಅವನ ಸಾಧನವೆಲ್ಲ ತನ್ನದೇ ಊರಿನ ತೋಪು ಮತ್ತು ಕೇಳುವ ತಾಳ್ಮೆ.

ಕಾಗೆಯನ್ನೂ ಕೋಗಿಲೆಯನ್ನೂ ದನಿಯಿಂದ ಬೇರ್ಪಡಿಸುವ ಸುಭಾಷಿತವನ್ನು ನಾವೂ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ನಾನಂತೂ ಎಷ್ಟೋ ವರ್ಷ ಮಕ್ಕಳಿಗೆ ಅದನ್ನು ಹೇಳಿಕೊಟ್ಟೆ. ಆದರೆ ಕೋಗಿಲೆಗಳಲ್ಲಿ ಕಪ್ಪಗಿರುವುದು ಗಂಡು ಮಾತ್ರ. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆ, ಪಟ್ಟೆಗಳ ಹಕ್ಕಿ. ಕುಹೂ ಎಂದು ಹಾಡುವುದೂ ಗಂಡೇ. ಶಾಲೆಯ ಹಿತ್ತಲಿನ ಮರದಲ್ಲಿ ಎಷ್ಟೋ ಸಲ ಹೆಣ್ಣು ಕೋಗಿಲೆ ಬಂದು ಕುಳಿತಿರಬೇಕು. ಸುಭಾಷಿತ ನಾಲಗೆಯ ಮೇಲಿತ್ತು; ಹಕ್ಕಿ ಕಣ್ಣಿಗೆ ಬೀಳಲಿಲ್ಲ.

ಹಕ್ಕಿಯನ್ನು ಸೂಕ್ಷ್ಮವಾಗಿ ನೋಡುವವರೆಲ್ಲ ಅದನ್ನು ಪ್ರೀತಿಸುವವರೇ ಎಂದೇನೂ ಇಲ್ಲ. ಮರಿಮಾಡುವ ಕಾಲದಲ್ಲಿ ದೊಡ್ಡ ಬೆಳ್ಳಕ್ಕಿಯ ಬೆನ್ನಿನಿಂದ ಜಾಲರಿಯಂಥ ಗರಿಗಳು ಇಳಿಯುತ್ತವೆ. ಮಧ್ಯಮ ಬೆಳ್ಳಕ್ಕಿಗೆ ಬೆನ್ನಿನಲ್ಲಿಯೂ ಎದೆಯಲ್ಲಿಯೂ. ಸಣ್ಣದಕ್ಕೆ ಇವೆರಡರ ಜೊತೆಗೆ ತಲೆಯ ಹಿಂದೆ ಎರಡು ನೀಳ ಗರಿಗಳು. ನಮಗೆ ಗುರುತು ಹಿಡಿಯಲು ನೆರವಾಗುವ ಈ ಗರಿಗಳೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವಕ್ಕೆ ಮೃತ್ಯುವಾದವು. ಯೂರೋಪು ಅಮೆರಿಕಗಳ ಹೆಂಗಸರ ಟೋಪಿಗಳಿಗೆಂದು, ಗೂಡಿನಲ್ಲಿ ಮರಿಗಳಿರುವಾಗಲೇ ಹಕ್ಕಿಗಳನ್ನು ಕೊಂದರು. ೧೯೦೨ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಕಾಡುಹಕ್ಕಿಗಳ ಗರಿ ಚರ್ಮಗಳ ರಫ್ತನ್ನು ನಿಷೇಧಿಸಿತು. ಯಾವ ಹಕ್ಕಿಗೆ ಯಾವ ಗರಿ, ಯಾವ ತಿಂಗಳಲ್ಲಿ ಎಂಬುದನ್ನು ಬೇಟೆಗಾರ ಬಲ್ಲವನಾಗಿದ್ದ. ಪಾಠ ಹೇಳುವ ನನಗೆ ಅದು ತಿಳಿದಿರಲಿಲ್ಲವೆಂಬುದನ್ನು ನೆನೆದಾಗ ನಾಚಿಕೆಯಾಗುತ್ತದೆ.

ಆದರೆ ಈ ಅಜ್ಞಾನದ ನಿಜವಾದ ಬೆಲೆ ತಿಳಿದದ್ದು ಬಹಳ ತಡವಾಗಿ. ನಾನು ನಿವೃತ್ತನಾದ ಮೇಲೆ ಒಂದು ಸಂಜೆ ಆ ಹುಡುಗ ಮನೆಗೆ ಬಂದ. ಅವನೀಗ ಮತ್ತೊಂದು ಊರಿನಲ್ಲಿ ಮೇಷ್ಟ್ರು. ಅಷ್ಟು ಹೊತ್ತಿಗೆ ನಮ್ಮ ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗಿತ್ತು. ಹೂಳು ತುಂಬಿ ಆಳ ಕಳೆದಿತ್ತು. ಏರಿಯ ಕೆಳಗೆ ಊರಿನ ಕಸ ಬೀಳತೊಡಗಿತ್ತು. ಕೆರೆಯನ್ನು ಉಳಿಸಿಕೊಡಬೇಕೆಂದು ಊರಿನ ಯುವಕರು ಒಂದು ಅರ್ಜಿ ಸಿದ್ಧಪಡಿಸಿದ್ದರು. “ಸಾರ್, ಹಕ್ಕಿಗಳು ಕಡಿಮೆಯಾಗಿವೆ ಅನ್ನೋದಕ್ಕೆ ನಿಮ್ಮ ನೋಟುಬುಕ್ಕಿಗಿಂತ ಬೇರೆ ಸಾಕ್ಷಿ ಯಾವುದಿದೆ?” ಎಂದ. ಹೆಮ್ಮೆಯಿಂದಲೇ ಹಳೆಯ ಪುಸ್ತಕಗಳನ್ನೆಲ್ಲ ಕಟ್ಟಿಕೊಟ್ಟೆ. ಅವನ ಜೊತೆಗೆ ಅಧಿಕಾರಿಗಳ ಕಚೇರಿಗೂ ಹೋದೆ.

ಅಧಿಕಾರಿಗಳು ಸಾವಧಾನವಾಗಿಯೇ ಪುಟ ತಿರುವಿದರು. ಬೆಳ್ಳಕ್ಕಿ, ಐವತ್ತು. ಹತ್ತು ವರ್ಷಗಳ ಮೇಲೆ, ನಲವತ್ತೆಂಟು. ಅದಕ್ಕೂ ಮುಂದೆ, ಐವತ್ತೈದು. “ನಿಮ್ಮ ಲೆಕ್ಕದಲ್ಲೇ ಕಡಿಮೆಯಾಗಿಲ್ಲವಲ್ಲ ಮೇಷ್ಟ್ರೇ, ಹೆಚ್ಚೇ ಆಗಿವೆ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಏನು ನಡೆದಿರಬೇಕೆಂದು ನನಗೆ ಆ ಕ್ಷಣವೇ ಹೊಳೆಯಿತು. ಆಳವಾದ ನೀರು ಹೋದಂತೆ ದೊಡ್ಡ ಬೆಳ್ಳಕ್ಕಿಗಳು ಹೋಗಿದ್ದವು. ಕಸ ಬಂದಂತೆ ಗೋವಕ್ಕಿಗಳು ಬಂದಿದ್ದವು. ಹೋದವೂ ಬಿಳಿ, ಬಂದವೂ ಬಿಳಿ. ಒಂದು ಹೆಸರಿನ ಚಾದರದ ಕೆಳಗೆ ಒಂದು ಕುಲ ಎದ್ದು ಹೋಗಿ, ಇನ್ನೊಂದು ಬಂದು ಮಲಗಿತ್ತು. ಹೊರಗಿನಿಂದ ಹೊದಿಕೆ ಮಾತ್ರ ಹಾಗೆಯೇ ಕಾಣುತ್ತಿತ್ತು. ಆದರೆ ಇದನ್ನು ತೋರಿಸಿಕೊಡಲು ನನ್ನ ಬಳಿ ಒಂದಕ್ಷರವೂ ಇರಲಿಲ್ಲ. ಅಜ್ಜ ನನ್ನ ಕಣ್ಣು ತೆರೆಸಿದ ಮೇಲೆಯೂ, ಹಳೆಯ ಅಭ್ಯಾಸದಂತೆ, ಪುಸ್ತಕದಲ್ಲಿ ಎಲ್ಲವನ್ನೂ ಕೂಡಿಸಿಯೇ ಬರೆಯುತ್ತಿದ್ದೆ. ಕಣ್ಣು ಕಲಿತದ್ದನ್ನು ಕೈ ಕಲಿತಿರಲಿಲ್ಲ.

ಹೊರಗೆ ಬಂದಾಗ ಹುಡುಗ ನನ್ನನ್ನು ಆಕ್ಷೇಪಿಸಲಿಲ್ಲ. “ಇನ್ನು ಮುಂದೆ ನಾಲ್ಕು ಕಾಲಂ ಹಾಕೋಣ ಸಾರ್” ಎಂದಷ್ಟೇ ಹೇಳಿದ.

ಭೇದವನ್ನು ಗುರುತಿಸುವುದು ಒಣ ಪಂಡಿತರ ಕೆಲಸ, ರಸಿಕನಿಗೆ ಸೌಂದರ್ಯ ಸಾಕು ಎಂದು ಸಾಹಿತ್ಯದ ನಂಟಿನವರಾದ ನಾವು ಹೇಳಿಬಿಡುವುದುಂಟು. ನಾನೂ ಹಾಗೆಯೇ ಹೇಳಿ ಒಬ್ಬ ಹುಡುಗನನ್ನು ಕೂರಿಸಿದ್ದೆ. ಈಗ ನನಗೆ ತೋರುವುದಿಷ್ಟು: ಹೆಸರಿಲ್ಲದೆ ಬದುಕಿದ್ದು ಹೆಸರಿಲ್ಲದೆಯೇ ಅಳಿದುಹೋಗುತ್ತದೆ, ಅದಕ್ಕಾಗಿ ಮರುಗುವುದಕ್ಕೂ ಅದು ಯಾವುದೆಂದು ನಮಗೆ ತಿಳಿದಿರಬೇಕು.

ಅವನು ಊರಿಗೆ ಬಂದ ಭಾನುವಾರಗಳಲ್ಲಿ ನಾವಿಬ್ಬರೂ ಏರಿಯ ಮೇಲೆ ಹೋಗುತ್ತೇವೆ. ಅವನ ಶಾಲೆಯ ಮಕ್ಕಳೂ ಕೆಲವೊಮ್ಮೆ ಜೊತೆಗಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು, “ಇದು ಯಾವುದು ತಾತ?” ಎಂದು ಮುಖಕ್ಕೆ ಹಿಡಿಯುತ್ತಾರೆ. ಚಿತ್ರದಲ್ಲಿ ಪಾದಗಳು ನೀರಿನೊಳಗಿರುತ್ತವೆ. “ಒಂದು ಗಳಿಗೆ ಕೂತುಕೊಳ್ಳಿ, ಎತ್ತುತ್ತದೆ” ಎನ್ನುತ್ತೇನೆ. ಅಜ್ಜ ಈಗಿಲ್ಲ, ಅವರ ಮಾತನ್ನು ನಾನು ಆಡುತ್ತಿದ್ದೇನೆ.

ನಮ್ಮ ನೋಟುಬುಕ್ಕಿನಲ್ಲಿ ಈಗ ಇರುವುದು ನಾಲ್ಕಲ್ಲ, ಐದು ಕಾಲಂ. ಐದನೆಯದರ ತಲೆಬರಹ ‘ತಿಳಿಯದು’. ಬಿಸಿಲು ಕಣ್ಣಿಗೆ ಹೊಡೆದಾಗ, ಜೊಂಡು ಅಡ್ಡವಾದಾಗ, ಊಹಿಸಿ ಬರೆಯುವ ಚಪಲವನ್ನು ತಡೆಯಲೆಂದು ಅದನ್ನು ಸೇರಿಸಿದವನು ಅವನೇ. ಮೊನ್ನೆ ಸಂಜೆ ನಾವು ಹಿಂದಿರುಗುವ ಹೊತ್ತಿಗೆ ಪಡುವಣದ ಕೆಂಪಿನಲ್ಲಿ ಹದಿನೇಳು ಹಕ್ಕಿಗಳು ಒಂದೇ ಸಾಲಿನಲ್ಲಿ ಹಾದುಹೋದವು. ಪಾದಗಳ ಬಣ್ಣ ಕಾಣಲಿಲ್ಲ, ಕೊಕ್ಕೂ ಕಾಣಲಿಲ್ಲ. ಇಬ್ಬರೂ ಸುಮ್ಮನೆ ನೋಡಿದೆವು. ಹಳೆಯ ಪ್ರಶ್ನೆ ಇಬ್ಬರಿಗೂ ನೆನಪಾಗಿರಬೇಕು, ಯಾರೂ ಎತ್ತಲಿಲ್ಲ. ಪುಸ್ತಕ ತೆರೆದು, ಐದನೆಯ ಕಾಲಮ್ಮಿನಲ್ಲಿ ೧೭ ಎಂದು ಬರೆದೆ.