ಚಕ್ರವರ್ತಿಯ ವಿದ್ಯಾಲಯದಲ್ಲಿ ಸಂತ ತೋಮಸರು

ಮನೆಯ ಮಗನೋ ಮಗಳೋ ಸರಕಾರಿ ವಿಶ್ವವಿದ್ಯಾಲಯಕ್ಕೆ ಸೇರಿ ತತ್ವಶಾಸ್ತ್ರ ಓದುತ್ತೇನೆಂದರೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹೊಟ್ಟೆಪಾಡಿಗೆ ಏನು ಗತಿ ಎಂಬುದು ಮೊದಲನೆಯದು. ಅದನ್ನು ತಂದೆ ಗಟ್ಟಿಯಾಗಿಯೇ ಕೇಳುತ್ತಾರೆ. ಎರಡನೆಯದನ್ನು ತಾಯಿ ರಾತ್ರಿಯ ಜಪಸರ ಮುಗಿದ ಬಳಿಕ ಮೆಲ್ಲಗೆ ಎತ್ತುತ್ತಾರೆ: ದೇವರನ್ನು ನಂಬದವರೂ ಪಾಠ ಹೇಳುವ ಕಡೆ ಮಕ್ಕಳ ವಿಶ್ವಾಸ ಉಳಿದೀತೇ? ತತ್ವಶಾಸ್ತ್ರವನ್ನೇ ಓದಬೇಕೆಂದಿದ್ದರೆ ಗುರುಮಠವಿದೆಯಲ್ಲ ಎಂದು ಹಿರಿಯರೊಬ್ಬರು ಸೇರಿಸುವುದೂ ಉಂಟು. ಈ ಆತಂಕ ನಗೆಯಾಡಿ ತಳ್ಳಿಹಾಕುವಂಥದ್ದಲ್ಲ. ಆದರೆ ಧರ್ಮಸಭೆ ತನ್ನ ಗುರುಮಠಗಳಿಗೆ ಆದರ್ಶವೆಂದು ತೋರಿಸುವ ಸಂತ ತೋಮಸ್ ಅಕ್ವಿನಾಸರು ತತ್ವಶಾಸ್ತ್ರದ ಅಭ್ಯಾಸವನ್ನು ಎಲ್ಲಿ ಆರಂಭಿಸಿದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರು ಓದಿದ್ದು ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ. ಅದೂ ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ಚಕ್ರವರ್ತಿಯೊಬ್ಬನ ವಿಶ್ವವಿದ್ಯಾಲಯದಲ್ಲಿ.

ಚಕ್ರವರ್ತಿ ಎರಡನೇ ಫ್ರೆಡೆರಿಕ್ 1224ರಲ್ಲಿ ನೇಪಲ್ಸ್ ನಗರದಲ್ಲಿ ಈ ವಿದ್ಯಾಲಯವನ್ನು ಸ್ಥಾಪಿಸಿದನು. ಪ್ಯಾರಿಸ್, ಬೊಲೊನ್ಯಗಳ ವಿದ್ಯಾಲಯಗಳು ಗುರುಶಿಷ್ಯರ ಸಂಘಗಳಾಗಿ ತಾವಾಗಿಯೇ ಬೆಳೆದಂಥವು. ನೇಪಲ್ಸಿನದು ರಾಜಾಜ್ಞೆಯಿಂದಲೇ ಹುಟ್ಟಿತು. ಭಕ್ತಿಯ ಉದ್ದೇಶವೇನೂ ಅದರ ಹಿಂದಿರಲಿಲ್ಲ. ತನ್ನ ರಾಜ್ಯದ ಆಡಳಿತಕ್ಕೆ ಕಾನೂನು ಬಲ್ಲ ಅಧಿಕಾರಿಗಳು ಬೇಕೆಂಬುದೇ ಅವನ ಲೆಕ್ಕ. ಸಿಸಿಲಿ ರಾಜ್ಯದ ಪ್ರಜೆಗಳು ಓದಿಗಾಗಿ ಬೇರೆ ನಾಡಿಗೆ ಹೋಗಕೂಡದೆಂದು ಕಟ್ಟಪ್ಪಣೆಯನ್ನೂ ಹೊರಡಿಸಿದನು. ಇದೇ ಫ್ರೆಡೆರಿಕನನ್ನು ಪೋಪ್ ಒಂಬತ್ತನೇ ಗ್ರೆಗೊರಿಯವರು 1227ರಲ್ಲಿ ಒಮ್ಮೆ, 1239ರಲ್ಲಿ ಮತ್ತೊಮ್ಮೆ ಬಹಿಷ್ಕರಿಸಿದರು.

ತೋಮಸರು ಅಲ್ಲಿಗೆ ಬಂದದ್ದು ಯಾರ ಯೋಜನೆಯಿಂದಲೂ ಅಲ್ಲ. ಸುಮಾರು 1225ರಲ್ಲಿ ಅಕ್ವಿನೊ ಮನೆತನದಲ್ಲಿ ಹುಟ್ಟಿದ ಈ ಮಗುವನ್ನು ಐದಾರು ವರ್ಷದವನಿರುವಾಗಲೇ ಮೊಂತೆ ಕಸ್ಸಿನೊದ ಬೆನೆಡಿಕ್ಟೈನ್ ಮಠಕ್ಕೆ ಒಪ್ಪಿಸಲಾಗಿತ್ತು. ಮುಂದೊಂದು ದಿನ ಅವನು ಆ ಸಿರಿವಂತ ಮಠದ ಅಧಿಪತಿಯಾಗಲಿ ಎಂಬುದು ಹೆತ್ತವರ ಆಸೆ. 1239ರಲ್ಲಿ ಪೋಪರಿಗೂ ಚಕ್ರವರ್ತಿಗೂ ಯುದ್ಧ ಹತ್ತಿ ಸೈನಿಕರು ಮಠವನ್ನು ಹಿಡಿದುಕೊಂಡರು. ಹದಿನಾಲ್ಕರ ಹರೆಯದ ತೋಮಸರನ್ನು ಓದಿಗಾಗಿ ನೇಪಲ್ಸಿಗೆ ಕಳುಹಿಸಲಾಯಿತು.

ಅಲ್ಲಿ ಅವರಿಗೆ ಅರಿಸ್ಟಾಟಲನ ಪರಿಚಯವಾಯಿತು. ಈ ಮಾತಿನ ತೂಕ ತಿಳಿಯಬೇಕಾದರೆ ಆ ಕಾಲದ ಪ್ಯಾರಿಸನ್ನು ನೋಡಬೇಕು. ಪ್ರಕೃತಿಯನ್ನು ಕುರಿತ ಅರಿಸ್ಟಾಟಲನ ಗ್ರಂಥಗಳನ್ನು ಅಲ್ಲಿ ಬೋಧಿಸಬಾರದೆಂದು 1210ರಲ್ಲಿ ಧರ್ಮಾಧ್ಯಕ್ಷರ ಸಭೆ ವಿಧಿಸಿತ್ತು. 1215ರಲ್ಲಿ ಆ ನಿಷೇಧವನ್ನು ಮತ್ತೆ ಸಾರಲಾಗಿತ್ತು. ನೇಪಲ್ಸಿನಲ್ಲಿ ಆ ತಡೆಯಿರಲಿಲ್ಲ. ಐರ್ಲೆಂಡಿನ ಪೀಟರ್ ಎಂಬ ಗುರುಗಳು ಪ್ರಕೃತಿಶಾಸ್ತ್ರವನ್ನು ಹೇಳಿಕೊಟ್ಟರು. ಫ್ರೆಡೆರಿಕನ ಆಸ್ಥಾನದಲ್ಲಿದ್ದ ಮೈಕೆಲ್ ಸ್ಕಾಟನು ಅರಿಸ್ಟಾಟಲನ ಗ್ರಂಥಗಳನ್ನೂ, ಕೊರ್ದೊಬದ ಮುಸ್ಲಿಂ ಪಂಡಿತ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನಗಳನ್ನೂ ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದಿದ್ದನು. ಯೆಹೂದಿ ವಿದ್ವಾಂಸ ಯಾಕೋಬ್ ಅನತೋಲಿ ಅದೇ ನಗರದಲ್ಲಿ ಅವನ್ನು ಹೀಬ್ರೂ ಭಾಷೆಗೆ ಅನುವಾದಿಸುತ್ತಿದ್ದನು. ಗ್ರೀಕನೊಬ್ಬನ ವಿಚಾರ ಮುಸಲ್ಮಾನರ, ಯೆಹೂದಿಯರ ಕೈದಾಟಿ ಕ್ರೈಸ್ತ ಬಾಲಕನೊಬ್ಬನ ಮುಂದೆ ಬಂದು ನಿಂತಿತೆಂದರೂ ತಪ್ಪಾಗದು.

ಆ ವಿಚಾರದಲ್ಲಿ ಅಪಾಯವಿರಲಿಲ್ಲವೆಂದು ಹೇಳುವಂತಿಲ್ಲ. ಜಗತ್ತಿಗೆ ಆದಿಯೇ ಇಲ್ಲವೆಂದು ಅರಿಸ್ಟಾಟಲ್ ಬಗೆದಿದ್ದನು. ಮನುಷ್ಯಕುಲಕ್ಕೆಲ್ಲ ಬುದ್ಧಿತತ್ವ ಒಂದೇ ಎಂಬ ಇಬ್ನ್ ರುಶ್ದನ ವಾದವನ್ನು ಒಪ್ಪಿದರೆ ಒಬ್ಬೊಬ್ಬರ ಆತ್ಮದ ಅಮರತ್ವಕ್ಕೆ ನೆಲೆಯೇ ಉಳಿಯದು. ತೋಮಸರು ಇವುಗಳಿಂದ ಕಣ್ಣು ಮುಚ್ಚಿಕೊಳ್ಳಲಿಲ್ಲ. ಅವರ 'ಸುಮ್ಮಾ ಥಿಯೊಲೊಜಿಯೆ' ಗ್ರಂಥವನ್ನು ತೆರೆದವರಿಗೆ ಮೊದಲು ಕಾಣುವುದು ಎದುರಾಳಿಯ ಮಾತು. ದೇವರಿದ್ದಾನೆಯೇ ಎಂಬ ಪ್ರಶ್ನೆಯಡಿ, ಲೋಕದಲ್ಲಿ ಕೇಡು ಇರುವುದರಿಂದ ದೇವರಿಲ್ಲ ಎಂಬ ಆಕ್ಷೇಪವೇ ಮೊದಲು ಬರುತ್ತದೆ, ಉತ್ತರ ಆಮೇಲೆ. ಇದು ಅಂದಿನ ವಿದ್ಯಾಲಯಗಳ ಚರ್ಚೆಯ ಪದ್ಧತಿಯೇ ಹೌದು. ಆದರೂ ಎದುರು ಪಕ್ಷವನ್ನು ಅಷ್ಟು ನ್ಯಾಯವಾಗಿ ಮಂಡಿಸುವವರು ಇಂದಿಗೂ ವಿರಳ. ಇಬ್ನ್ ಸೀನಾ, ಇಬ್ನ್ ರುಶ್ದ್, ಯೆಹೂದಿ ರಬ್ಬಿ ಮೋಶೆ ಮೈಮೊನಿದಿಸ್ ಇವರನ್ನೆಲ್ಲ ಅವರು ಗೌರವದಿಂದ ಉದ್ಧರಿಸುತ್ತಾರೆ; ತಪ್ಪು ಕಂಡಲ್ಲಿ ನೇರವಾಗಿ ಖಂಡಿಸುತ್ತಾರೆ.

ಇನ್ನು ಮನೆಯವರ ಕಥೆ. ನೇಪಲ್ಸಿನಲ್ಲಿ ದೊಮಿನಿಕನ್ ಸನ್ಯಾಸಿಗಳ ಮನೆಯೊಂದಿತ್ತು. ಸಾನ್ ಜ್ಯುಲಿಯಾನೊದ ಜಾನ್ ಎಂಬ ಸನ್ಯಾಸಿಯ ಒಡನಾಟ ತೋಮಸರನ್ನು ಅತ್ತ ಸೆಳೆಯಿತು. 1244ರಲ್ಲಿ ಅವರು ಆ ಸಭೆಯ ಉಡುಪು ತೊಟ್ಟಾಗ ಮನೆಯಲ್ಲಿ ಕೋಲಾಹಲವೆದ್ದಿತು. ಮಗ ವಿಶ್ವಾಸ ಕಳೆದುಕೊಂಡನೆಂದಲ್ಲ, ಅದು ಅತಿಯಾಯಿತೆಂದು! ಮಠಾಧಿಪತಿಯಾಗಬೇಕಾದವನು ಭಿಕ್ಷೆ ಬೇಡುವ ಸನ್ಯಾಸಿಯಾಗುವುದೇ? ತಾಯಿ ತಿಯೊದೋರ ಸುದ್ದಿ ಕಳುಹಿಸಿದರು. ಚಕ್ರವರ್ತಿಯ ಸೈನ್ಯದಲ್ಲಿದ್ದ ಅಣ್ಣಂದಿರು ತಮ್ಮನನ್ನು ದಾರಿಯಲ್ಲೇ ಹಿಡಿದು ತಂದರು. ಸುಮಾರು ಒಂದು ವರ್ಷ ಮನೆಯ ಕೋಟೆಯಲ್ಲೇ ಬಂಧನ. ಆ ಅವಧಿಯಲ್ಲಿ ಅವರು ಬೈಬಲನ್ನು ಓದಿದರೆಂದು ಚರಿತ್ರಕಾರರು ಹೇಳುತ್ತಾರೆ. ಮನಸ್ಸು ಬದಲಾಗದೆಂದು ಕಂಡಾಗ ಮನೆಯವರು ಬಿಟ್ಟುಕೊಟ್ಟರು.

ಹೆತ್ತವರಿಗೆ ಇಲ್ಲಿ ಗಮನಿಸಬೇಕಾದುದು ಆ ಜಾನ್ ಎಂಬ ಸನ್ಯಾಸಿಯನ್ನು ಎಂದು ನನಗನಿಸುತ್ತದೆ. ತರಗತಿಯಲ್ಲಿ ಅರಿಸ್ಟಾಟಲನನ್ನು ಕೇಳಿದ ಹುಡುಗನಿಗೆ, ಹೊರಬಂದರೆ ಮಾತನಾಡಲು ಓದು ಬಲ್ಲ ಗುರುವೊಬ್ಬರಿದ್ದರು. ವಿಶ್ವವಿದ್ಯಾಲಯದಲ್ಲಿ ಯಾರು ಪಾಠ ಹೇಳುತ್ತಾರೆಂದು ನಾವು ನೂರು ಬಾರಿ ವಿಚಾರಿಸುತ್ತೇವೆ. ಆ ಊರಿನ ಚರ್ಚಿನಲ್ಲಿ ಮಕ್ಕಳ ಕಠಿಣ ಪ್ರಶ್ನೆಗಳಿಗೆ ಬೆಚ್ಚದೆ ಕುಳಿತು ಕೇಳುವವರು ಯಾರಿದ್ದಾರೆಂದು ವಿಚಾರಿಸುವುದು ಅಪರೂಪ. ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಬಾಯಿ ಮುಚ್ಚಿಸಿದರೆ ಪ್ರಶ್ನೆ ಸಾಯುವುದಿಲ್ಲ, ಮನೆ ಬಿಟ್ಟು ಹೋಗುತ್ತದೆ.

ಧರ್ಮಸಭೆಯೂ ತೋಮಸರನ್ನು ಒಮ್ಮೆಲೇ ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. 1277ರ ಮಾರ್ಚ್ 7ರಂದು, ಅವರು ತೀರಿಕೊಂಡು ಸರಿಯಾಗಿ ಮೂರು ವರ್ಷವಾದ ದಿನ, ಪ್ಯಾರಿಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೆಯವರು 219 ವಾದಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ತೋಮಸರ ವಿಚಾರಗಳಿಗೂ ತಾಗುವಂತಿದ್ದವು. 1323ರಲ್ಲಿ ಅವರನ್ನು ಸಂತರೆಂದು ಘೋಷಿಸಿದ ಮೇಲೆ, 1325ರಲ್ಲಿ, ಅವರಿಗೆ ತಾಗುವ ಮಟ್ಟಿಗೆ ಆ ಖಂಡನೆಯನ್ನು ಹಿಂತೆಗೆಯಲಾಯಿತು. ಅವರ ತತ್ವಶಾಸ್ತ್ರವನ್ನು ಮತ್ತೆ ನೆಲೆಗೊಳಿಸಬೇಕೆಂದು ಹದಿಮೂರನೇ ಲಿಯೊ ಪೋಪರು ವಿಶ್ವಪತ್ರ ಬರೆದದ್ದು 1879ರಲ್ಲಿ.

ನೇಪಲ್ಸಿನ ಆ ವಿಶ್ವವಿದ್ಯಾಲಯ 2024ರಲ್ಲಿ ಎಂಟುನೂರು ವರ್ಷ ಪೂರೈಸಿತು. ಇಂದಿಗೂ ಸರಕಾರಿ ವಿಶ್ವವಿದ್ಯಾಲಯವೇ, ಸ್ಥಾಪಕ ಫ್ರೆಡೆರಿಕನ ಹೆಸರನ್ನೇ ಹೊತ್ತಿದೆ. ತೋಮಸರು 1272ರಲ್ಲಿ ತಮ್ಮ ಸಭೆಯ ವಿದ್ಯಾಕೇಂದ್ರವನ್ನು ನಡೆಸಲು ಅದೇ ನಗರಕ್ಕೆ ಮರಳಿದ್ದರು. ಅವರ ದೈವಶಾಸ್ತ್ರದ ಬೋಧನೆಗಾಗಿ ಅಲ್ಲಿನ ರಾಜ ಚಾರ್ಲ್ಸನು ಸರಕಾರದ ಬೊಕ್ಕಸದಿಂದ ತಿಂಗಳಿಗೆ ಒಂದು ಔನ್ಸ್ ಚಿನ್ನವನ್ನು ಗೊತ್ತುಮಾಡಿದನು.