ಅನಾಥ ಕಿಶೋರರ ಶಿಶಿಕ್ಷು ತರಬೇತಿ

ತಂದೆತಾಯಿಯರನ್ನು ಕಳೆದುಕೊಂಡು ಅಥವಾ ಅವರಿಂದ ಪರಿತ್ಯಕ್ತರಾಗಿ ಪಾಲನಾ ಸಂಸ್ಥೆಗಳಲ್ಲಿ ಬೆಳೆದ ಹದಿಹರೆಯದವರನ್ನು ನಿಶ್ಚಿತ ಅವಧಿಯ ಕರಾರಿನ ಮೇಲೆ ಕಾರ್ಖಾನೆ, ಕಾರ್ಯಾಗಾರ ಅಥವಾ ಸೇವಾಸಂಸ್ಥೆಗಳಲ್ಲಿ ಇರಿಸಿ, ಕೆಲಸದ ಮೂಲಕವೇ ಕಸುಬು ಕಲಿಸುವ ವ್ಯವಸ್ಥೆಯನ್ನು ಅನಾಥ ಕಿಶೋರರ ಶಿಶಿಕ್ಷು ತರಬೇತಿ ಎನ್ನಬಹುದು. ‘ಶಿಶಿಕ್ಷು’ ಎಂದರೆ ಕಲಿಯಲು ಬಯಸುವವನು. ಸರ್ಕಾರಿ ಕನ್ನಡದಲ್ಲಿ ಈ ಪದ ರೂಢಿಯಲ್ಲಿದ್ದರೂ ಕಾರ್ಯಾಗಾರಗಳಲ್ಲಿ ‘ಅಪ್ರೆಂಟಿಸ್’ ಎಂಬ ಮಾತೇ ಬಳಕೆಯಲ್ಲಿದೆ.

ಹಿನ್ನೆಲೆ

ಭಾರತದಲ್ಲಿ ಕಮ್ಮಾರಿಕೆ, ಬಡಗಿತನ, ನೇಯ್ಗೆ ಮೊದಲಾದ ಕಸುಬುಗಳು ಬಹುಕಾಲ ಮನೆಯೊಳಗೇ ಹಸ್ತಾಂತರಗೊಂಡವು. ತಂದೆಯೇ ಗುರು, ಹಟ್ಟಿಯೇ ಶಾಲೆ. ಹೀಗಾಗಿ ಹೆತ್ತವರನ್ನು ಕಳೆದುಕೊಂಡ ಮಗು ಆಸರೆಯ ಜೊತೆಗೆ ಜೀವನೋಪಾಯದ ವಿದ್ಯೆಯನ್ನೂ ಕಳೆದುಕೊಳ್ಳುತ್ತಿತ್ತು. ಆ ಸ್ಥಾನವನ್ನು ಬೇರೊಬ್ಬರು ಹೇಗೆ ತುಂಬಬೇಕು ಎಂಬುದೇ ಈ ವ್ಯವಸ್ಥೆಯ ಮೂಲ ಪ್ರಶ್ನೆ.

ಇಂಗ್ಲೆಂಡಿನಲ್ಲಿ 1601ರ ಬಡವರ ಕಾನೂನು ಈ ಹೊಣೆಯನ್ನು ಪ್ಯಾರಿಷ್ ಎಂಬ ಸ್ಥಳೀಯ ಆಡಳಿತ ಘಟಕಕ್ಕೆ ವಹಿಸಿತು. ಬಡ ಹುಡುಗರನ್ನು 24ನೆಯ ವಯಸ್ಸಿನವರೆಗೆ, ಹುಡುಗಿಯರನ್ನು 21ರವರೆಗೆ ಅಥವಾ ವಿವಾಹದವರೆಗೆ ಯಜಮಾನನೊಬ್ಬನ ಬಳಿ ಕರಾರಿನ ಮೇಲೆ ಇರಿಸಲು ಅದು ಅವಕಾಶ ನೀಡಿತು. ಉದ್ದೇಶ ಒಳ್ಳೆಯದೇ ಆದರೂ, ಮಗುವಿನ ಖರ್ಚಿನ ಹೊರೆಯನ್ನು ಇಳಿಸಿಕೊಳ್ಳುವುದು ಆಡಳಿತದ ಹಿತವಾಗಿತ್ತು. ಅಗ್ಗದ ಕೈಗಳು ಸಿಗುವುದು ಯಜಮಾನನ ಹಿತವಾಗಿತ್ತು. ಹತ್ತಿಗಿರಣಿಗಳಲ್ಲಿ ಇಂಥ ಮಕ್ಕಳ ದುಡಿಮೆಯನ್ನು ದಿನಕ್ಕೆ 12 ಗಂಟೆಗಳಿಗೆ ಮಿತಿಗೊಳಿಸಲು 1802ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಚಾರ್ಲ್ಸ್ ಡಿಕನ್ಸನ ‘ಆಲಿವರ್ ಟ್ವಿಸ್ಟ್’ (1837–39) ಕಾದಂಬರಿಯಲ್ಲಿ ಅನಾಥ ಬಾಲಕನನ್ನು ಕರೆದೊಯ್ಯುವವರಿಗೆ ಐದು ಪೌಂಡ್ ಕೊಡುವುದಾಗಿ ಪ್ರಕಟಿಸಲಾಗುತ್ತದೆ. ಚಿಮಣಿ ಗುಡಿಸುವವನೊಬ್ಬ ಮುಂದೆ ಬಂದಾಗ, ಹುಡುಗನ ಮುಖದಲ್ಲಿನ ಭಯವನ್ನು ಕಂಡ ನ್ಯಾಯಾಧಿಕಾರಿ ಕರಾರಿಗೆ ಸಮ್ಮತಿಸುವುದಿಲ್ಲ.

1850ರ ಕಾಯ್ದೆ

ಬ್ರಿಟಿಷ್ ಭಾರತದ 1850ರ 19ನೆಯ ಕಾಯ್ದೆಯು ಸಾರ್ವಜನಿಕ ದತ್ತಿಯಿಂದ ಬೆಳೆದ ಅನಾಥರು ಮತ್ತು ಬಡಮಕ್ಕಳು ಪ್ರಾಪ್ತ ವಯಸ್ಸಿನಲ್ಲಿ ತಮ್ಮ ಜೀವನವನ್ನು ತಾವೇ ಸಾಗಿಸುವಂತೆ ಮಾಡುವುದನ್ನು ತನ್ನ ಪ್ರಸ್ತಾವನೆಯಲ್ಲಿಯೇ ಹೆಸರಿಸಿತ್ತು. ಭಾರತದ ಮೊದಲ ಶಿಶಿಕ್ಷು ಕಾಯ್ದೆಯ ಮನಸ್ಸಿನಲ್ಲಿ ವಿಶೇಷವಾಗಿ ಇದ್ದದ್ದು ಅನಾಥ ಮಗು ಎಂಬುದು ಇಂದು ಹೆಚ್ಚಿನವರಿಗೆ ನೆನಪಿಲ್ಲ. 10ರಿಂದ 18 ವರ್ಷದೊಳಗಿನ ಮಕ್ಕಳನ್ನು ಗರಿಷ್ಠ ಏಳು ವರ್ಷಗಳ ಕರಾರಿಗೆ ಒಳಪಡಿಸಬಹುದಾಗಿತ್ತು. ಅನಾಥ ಮಗುವಿನ ಪರವಾಗಿ ಮ್ಯಾಜಿಸ್ಟ್ರೇಟರು ಅಥವಾ ದತ್ತಿಸಂಸ್ಥೆಯ ವ್ಯವಸ್ಥಾಪಕರು ಪೋಷಕರ ಅಧಿಕಾರ ಚಲಾಯಿಸುತ್ತಿದ್ದರು. 1961ರ ಶಿಶಿಕ್ಷು ಕಾಯ್ದೆಯು ಇದನ್ನು ರದ್ದುಗೊಳಿಸಿತು.

ಪ್ರಸ್ತುತ ವ್ಯವಸ್ಥೆ

1961ರ ಕಾಯ್ದೆಯು ಅನಾಥರಿಗಷ್ಟೇ ಅಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ. ಶಿಶಿಕ್ಷುವಿಗೆ ಕನಿಷ್ಠ 14 ವರ್ಷ ತುಂಬಿರಬೇಕು. ಅಪಾಯಕಾರಿ ಕೈಗಾರಿಕೆಗಳಿಗೆ ಸಂಬಂಧಿಸಿದ ವೃತ್ತಿಗಳಲ್ಲಿ 18. ಅಪ್ರಾಪ್ತರ ಪರವಾಗಿ ಪೋಷಕರು ಕರಾರು ಮಾಡಿಕೊಳ್ಳಬೇಕು. ಶಿಶಿಕ್ಷುವನ್ನು ಕಾಯ್ದೆಯು ಕಾರ್ಮಿಕನೆಂದಲ್ಲ, ತರಬೇತಿದಾರನೆಂದು ಪರಿಗಣಿಸುತ್ತದೆಯಾದರೂ ತರಬೇತಿಯ ವೇಳೆ ಗಾಯಗೊಂಡರೆ ಪರಿಹಾರ ನೀಡುವುದು ಉದ್ಯೋಗದಾತರ ಹೊಣೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ಅನುಗುಣವಾಗಿ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿಪಡಿಸಿದವು.

ಈ ಮೊತ್ತದ ಅರ್ಥ ಎಲ್ಲ ಶಿಶಿಕ್ಷುಗಳಿಗೂ ಒಂದೇ ಅಲ್ಲ. ಮನೆಯಲ್ಲಿ ಉಂಡು ಮಲಗುವ ಹುಡುಗನಿಗೆ ಅದು ಕೈಖರ್ಚು; ಬಾಲಮಂದಿರದಿಂದ ಹೊರಬಂದವನಿಗೆ ಅದೇ ಬಾಡಿಗೆ, ಅದೇ ಊಟ, ಅದೇ ಬಸ್ಸಿನ ದುಡ್ಡು.

ಹದಿನೆಂಟರ ಹೊಸ್ತಿಲು

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ವರ್ಷ ತುಂಬಿದವರು ಮಗುವಲ್ಲ. ಪಾಲನಾ ಸಂಸ್ಥೆಯನ್ನು ಬಿಡಬೇಕು. ಅಪಾಯಕಾರಿ ಕೈಗಾರಿಕೆಗಳ ವೃತ್ತಿಗಳಿಗೆ ಪ್ರವೇಶ ದೊರೆಯುವುದೂ ಅದೇ ವಯಸ್ಸಿನಲ್ಲಿ. ಅಂದರೆ ಇಂಥ ಕಸುಬನ್ನು ಆರಿಸಿಕೊಂಡವರಿಗೆ ಕಲಿಕೆಯ ಬಾಗಿಲು ತೆರೆಯುವ ಹೊತ್ತಿಗೆ ವಸತಿಯ ಬಾಗಿಲು ಮುಚ್ಚುತ್ತದೆ. ಎರಡು ಕಾಯ್ದೆಗಳೂ ಮಕ್ಕಳ ರಕ್ಷಣೆಗಾಗಿಯೇ ಈ ವಯಸ್ಸನ್ನು ಗೊತ್ತುಪಡಿಸಿದ್ದರೂ ಒಟ್ಟು ಫಲ ಹೀಗಾಗಿದೆ.

ಈ ಅಂತರವನ್ನು ತುಂಬಲು ಇರುವುದು ಅನುಪಾಲನೆ. 2016ರ ಮಾದರಿ ನಿಯಮಗಳು 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ ನೆರವು ಮುಂದುವರಿಸಲು ಅನುವು ಮಾಡಿಕೊಡುತ್ತವೆ. ಆರರಿಂದ ಎಂಟು ಮಂದಿ ಒಟ್ಟಿಗೆ ವಾಸಿಸುವ ತಾತ್ಕಾಲಿಕ ವಸತಿ, ತರಬೇತಿಯ ಅವಧಿಯಲ್ಲಿ ಶಿಷ್ಯವೇತನ ಮತ್ತು ಸ್ವಂತ ಉದ್ಯಮಕ್ಕೆ ಸಾಲದ ಏರ್ಪಾಡು ಅವುಗಳಲ್ಲಿ ಸೇರಿವೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯು ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿದೆ. ಆದರೆ ಮೂಲ ಕಾಯ್ದೆಯ ಮಾತು ‘ನೀಡಬಹುದು’ ಎಂದಿದೆಯೇ ಹೊರತು ‘ನೀಡತಕ್ಕದ್ದು’ ಎಂದಿಲ್ಲ.

ಮಿತಿಗಳು

30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳಿಗೆ ಮಾತ್ರ ಶಿಶಿಕ್ಷುಗಳ ನೇಮಕ ಕಡ್ಡಾಯ; ನಾಲ್ಕರಿಂದ 29ರವರೆಗಿನ ಸಂಸ್ಥೆಗಳಿಗೆ ಐಚ್ಛಿಕ. ಅದಕ್ಕಿಂತ ಚಿಕ್ಕದಾದ ಗ್ಯಾರೇಜು, ಹೊಲಿಗೆ ಅಂಗಡಿ, ಬಡಗಿಯ ಕೊಟ್ಟಿಗೆಗಳು ಈ ಚೌಕಟ್ಟಿನ ಹೊರಗಿವೆ. ಅಲ್ಲಿ ಕಲಿತವರ ಕೈಗೆ ಕಸುಬು ಬರುತ್ತದೆ, ಶಿಶಿಕ್ಷು ಪ್ರಮಾಣಪತ್ರ ಬರುವುದಿಲ್ಲ. ಶಿಫಾರಸು ಮಾಡುವ ಬಂಧುಗಳಿಲ್ಲದ ಯುವಕ ಯುವತಿಯರಿಗೆ ಈ ಕೊರತೆ ಇತರರಿಗಿಂತ ಹೆಚ್ಚು ಬಾಧಿಸುತ್ತದೆ.

ವಯಸ್ಸಿನ ದಾಖಲೆಯೂ ತೊಡಕೇ. ಬಾಲನ್ಯಾಯ ಕಾಯ್ದೆಯ 94ನೆಯ ಪ್ರಕರಣದಂತೆ ಮೊದಲು ಶಾಲಾ ದಾಖಲೆ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನಪತ್ರ, ಎರಡೂ ಇಲ್ಲದಿದ್ದಾಗ ವೈದ್ಯಕೀಯ ಪರೀಕ್ಷೆಯಿಂದ ವಯಸ್ಸನ್ನು ನಿರ್ಧರಿಸಲಾಗುತ್ತದೆ. ಜನ್ಮದಿನ ತಿಳಿಯದ ಮಗುವಿನ ವಿಷಯದಲ್ಲಿ, ಸಂಸ್ಥೆಯನ್ನು ಬಿಡಬೇಕಾದ ದಿನವೂ ಈ ನಿರ್ಧಾರವನ್ನೇ ಅವಲಂಬಿಸಿರುತ್ತದೆ.